ನೂರರಲ್ಲೊಂದು ಪಾಲು: ಲೈನರ್ ಹಡಗನ್ನು ಮರದಲ್ಲಿ ಕಟ್ಟುವ ಬಗೆ

ಟೈಟಾನಿಕ್ ಹಡಗಿನ ಮೈಗೆ ಹೊದಿಸಿದ್ದ ಉಕ್ಕಿನ ತಗಡುಗಳ ದಪ್ಪ ಹೆಚ್ಚುಕಡಿಮೆ ಒಂದು ಅಂಗುಲ. ದೊಡ್ಡ ತಗಡೊಂದರ ಉದ್ದ ಸುಮಾರು 30 ಅಡಿ, ಅಗಲ 6 ಅಡಿ. ಈಗ ಹಡಗನ್ನು ನೂರನೇ ಒಂದು ಪಾಲಿಗೆ ಇಳಿಸಿ ನೋಡಿ. ಆ ತಗಡು 9 ಸೆಂಟಿಮೀಟರ್ ಉದ್ದದ, 2 ಸೆಂಟಿಮೀಟರಿಗೂ ಕಡಿಮೆ ಅಗಲದ ಒಂದು ತುಂಡಾಗುತ್ತದೆ. ದಪ್ಪ ಕಾಲು ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡಿನಷ್ಟು. ನಿಜವಾದ ಹಡಗಿನ ಮೈಮೇಲೆ ಇಂಥ ತಗಡುಗಳು ಸುಮಾರು 2,000 ಇದ್ದವು. ಮರದ ಮಾದರಿಯನ್ನು ಶ್ರದ್ಧೆಯಿಂದ ಮಾಡುವವರು ಅಷ್ಟೂ ತಗಡುಗಳನ್ನು ಗಟ್ಟಿ ಕಾಗದದಲ್ಲಿ ಕತ್ತರಿಸಿ, ಕಡೆದು ನುಣುಪು ಮಾಡಿದ ಒಡಲಿನ ಮೇಲೆ ಒಂದೊಂದಾಗಿ ಅಂಟಿಸುತ್ತಾರೆ.

ಇಲ್ಲಿಯವರೆಗೆ ಬರೀ ಭಾಗಾಕಾರ. ಎಲ್ಲ ಅಳತೆಯನ್ನೂ ನೂರರಿಂದ ಭಾಗಿಸಿದರೆ ಮಾದರಿ ಸಿದ್ಧ ಎಂದು ಮೊದಮೊದಲು ಯಾರಿಗಾದರೂ ಅನ್ನಿಸುತ್ತದೆ. ತೊಡಕು ಇರುವುದು ಭಾಗಾಕಾರಕ್ಕೆ ಬಗ್ಗದ ಸಂಗತಿಗಳಲ್ಲಿ. ಹಡಗು ನೂರು ಪಟ್ಟು ಚಿಕ್ಕದಾಯಿತು, ಸರಿ. ಮರದ ಎಳೆ ಚಿಕ್ಕದಾಗಲಿಲ್ಲ. ಗಾಳಿಯ ತೇವ ಚಿಕ್ಕದಾಗಲಿಲ್ಲ. ಬಣ್ಣದ ಪದರದ ದಪ್ಪ, ಧೂಳಿನ ಕಣ, ಭೂಮಿಯ ಸೆಳೆತ, ನೋಡುವ ಕಣ್ಣು ಎಲ್ಲ ಹಾಗೇ ಉಳಿದಿವೆ. ಲೈನರ್ ಹಡಗಿನ ಮಾದರಿ ಮಾಡುವ ಕೆಲಸದ ಕಷ್ಟವೆಲ್ಲ, ಸೊಗಸೂ ಸಹ, ಚಿಕ್ಕದಾಗಲು ಒಪ್ಪದ ಇವುಗಳ ಜೊತೆ ಮಾಡಿಕೊಳ್ಳುವ ಹೊಂದಾಣಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಲೈನರ್ ಎಂದರೆ ಯಾವ ಹಡಗು ಎಂಬುದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇವತ್ತಿನ ಕ್ರೂಸ್ ಹಡಗುಗಳಿಗೂ ಇದಕ್ಕೂ ಆಕಾರದಲ್ಲೇ ವ್ಯತ್ಯಾಸವಿದೆ. ಗೊತ್ತಾದ ಎರಡು ಬಂದರುಗಳ ನಡುವೆ, ಗೊತ್ತಾದ ದಿನಕ್ಕೆ ಹೊರಟು ಗೊತ್ತಾದ ದಿನಕ್ಕೆ ತಲುಪಬೇಕಾದ ಪ್ರಯಾಣಿಕ ಹಡಗು ಲೈನರ್. ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಅಲೆಗಳಿದ್ದರೂ ವೇಳೆ ತಪ್ಪುವಂತಿರಲಿಲ್ಲ. ಹಾಗಾಗಿ ಮೂತಿ ಉದ್ದ ಮತ್ತು ಚೂಪು, ಒಡಲು ನೀಳ, ನೀರಿನೊಳಗೆ ಮುಳುಗಿರುವ ಭಾಗ ಆಳ. ಟೈಟಾನಿಕ್‌ನ ಉದ್ದ 269 ಮೀಟರ್, ಅಗಲ ಬರೀ 28 ಮೀಟರ್. 1906ರಲ್ಲಿ ನೀರಿಗಿಳಿದ ಮಾರಿಟೇನಿಯಾ 240 ಮೀಟರ್ ಉದ್ದ, 27 ಮೀಟರ್ ಅಗಲ. ಅಗಲದ ಒಂಬತ್ತು ಪಟ್ಟು ಉದ್ದ. ಕಪಾಟಿನ ಮೇಲಿಟ್ಟ ಮಾದರಿಯನ್ನು ಲೈನರ್ ಎಂದು ಕಣ್ಣು ಕೂಡಲೇ ಗುರುತಿಸುವುದು ಈ ಪ್ರಮಾಣದಿಂದ.

ಉಕ್ಕಿನ ಹಡಗಿಗೆ ಮರದ ಮಾದರಿ ಯಾಕೆ? ಪ್ರಶ್ನೆ ಸಹಜ. ಉತ್ತರ ಹಡಗುಕಟ್ಟೆಗಳಲ್ಲೇ ಇದೆ. ಈ ಮಾದರಿಗಳು ಹವ್ಯಾಸವಾಗಿ ಹುಟ್ಟಿದವಲ್ಲ, ಹಡಗು ಕಟ್ಟುವ ಕೆಲಸದ ಭಾಗವಾಗಿ ಹುಟ್ಟಿದವು. ಉಕ್ಕಿನ ಹಡಗಿನ ಬಾಗಿದ ಮೈಯನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸಿ, ಯಾವ ತಗಡು ಎಷ್ಟುದ್ದ ಬೇಕು ಎಂದು ಹೇಳುವುದು ಕಷ್ಟ. ಅದಕ್ಕೆ ಒಡಲಿನ ಅರ್ಧಭಾಗವನ್ನು, ಅಂದರೆ ಉದ್ದಕ್ಕೆ ಸೀಳಿದಂತೆ ಒಂದೇ ಪಕ್ಕವನ್ನು, ಮರದಲ್ಲಿ ಕಡೆಯುತ್ತಿದ್ದರು. ನಕ್ಷೆಗಾರರು ಆ ಮರದ ಮೈಮೇಲೇ ಪೆನ್ಸಿಲಿನಿಂದ ತಗಡಿನ ಅಂಚುಗಳನ್ನು ಗೀಚಿ, ಅಲ್ಲಿಂದ ಅಳತೆ ತೆಗೆದು, ಉಕ್ಕಿನ ಗಿರಣಿಗೆ ಬೇಡಿಕೆ ಕಳಿಸುತ್ತಿದ್ದರು. ಹತ್ತಾರು ಸಾವಿರ ಟನ್ನಿನ ಹಡಗಿನ ಉಕ್ಕು ಒಂದು ಮರದ ತುಂಡಿನ ಮೇಲಿನ ಗೆರೆಗಳಿಂದ ನಿಗದಿಯಾಗುತ್ತಿತ್ತು. ಎಷ್ಟು ಸಲ ನೆನೆದರೂ ನನಗೆ ಇದು ಬೆರಗಿನ ಸಂಗತಿಯೇ.

ಎರಡನೇ ಬಗೆ, ಹಡಗಿನ ಕಂಪನಿಗೆ ಕೊಡುತ್ತಿದ್ದ ಪೂರ್ಣ ಮಾದರಿ. ಹಡಗುಕಟ್ಟೆಗಳಲ್ಲಿ ಮಾದರಿ ಮಾಡುವವರದೇ ಒಂದು ಕಾರ್ಯಾಗಾರವಿರುತ್ತಿತ್ತು. ಬ್ರಿಟನ್ನಿನಲ್ಲಿ ವಾಡಿಕೆಯ ಅಳತೆ ಒಂದು ಅಡಿಗೆ ಕಾಲು ಅಂಗುಲ, ಅಂದರೆ 1:48. ಈ ಲೆಕ್ಕದಲ್ಲಿ ಟೈಟಾನಿಕ್ 5.6 ಮೀಟರ್ ಉದ್ದವಾಗುತ್ತದೆ; ಅಷ್ಟು ದೊಡ್ಡ ಮಾದರಿಯೊಂದು ಲಿವರ್‌ಪೂಲ್‌ನ ಸಂಗ್ರಹದಲ್ಲಿದೆ. ಇವು ಕಂಪನಿಯ ಕಚೇರಿಯಲ್ಲಿ, ಟಿಕೆಟ್ ಮಾರುವಲ್ಲಿ, ಪ್ರದರ್ಶನಗಳಲ್ಲಿ ನಿಲ್ಲುತ್ತಿದ್ದವು. ಸಣ್ಣ ಲೋಹದ ಭಾಗಗಳು ಕಪ್ಪಾಗದಿರಲೆಂದು ಬೆಳ್ಳಿ ಅಥವಾ ಚಿನ್ನದ ಲೇಪ ಹಾಕುವುದಿತ್ತು. ಹಳೆಯ ಮಾದರಿಗಳಲ್ಲಿ ಲಂಗರಿನ ಯಂತ್ರ, ಗಾಳಿಕೊಳವೆಗಳೆಲ್ಲ ಹೊಳೆಯುವುದನ್ನು ನೋಡಿ ಹಡಗಿನಲ್ಲೂ ಹಾಗೇ ಇತ್ತೇನೋ ಎಂದುಕೊಳ್ಳುವವರಿದ್ದಾರೆ. ಇರಲಿಲ್ಲ, ಅದು ಮಾದರಿಯ ಸಂಪ್ರದಾಯ. ಮುಂದೆ ನಾರ್ತಾಂಪ್ಟನ್‌ನ ಬ್ಯಾಸೆಟ್-ಲೋಕ್‌ನಂಥ ಸಂಸ್ಥೆಗಳು ಹಡಗಿನ ಕಂಪನಿಗಳಿಗೆ ಇಂಥ ಮಾದರಿ ಮಾಡಿಕೊಡುವುದನ್ನೇ ವೃತ್ತಿಯಾಗಿಸಿಕೊಂಡವು.

ಮೊದಲ ಮಹಾಯುದ್ಧದಲ್ಲಿ ಮರದ ಮಾದರಿಗೆ ಇನ್ನೊಂದು ಕೆಲಸ ಸಿಕ್ಕಿತು. ಜರ್ಮನ್ ಜಲಾಂತರ್ಗಾಮಿಗಳ ಕಣ್ಣಿಗೆ ಹಡಗು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದೇ ತಿಳಿಯದಂತೆ ಅಡ್ಡಾದಿಡ್ಡಿ ಪಟ್ಟೆಗಳನ್ನು ಬಳಿಯುವ ವಿಧಾನವನ್ನು ನಾರ್ಮನ್ ವಿಲ್ಕಿನ್‌ಸನ್ ಎಂಬ ಚಿತ್ರಕಾರ 1917ರಲ್ಲಿ ಮುಂದಿಟ್ಟ. ಲಂಡನ್ನಿನ ರಾಯಲ್ ಅಕಾಡೆಮಿಯ ಕಟ್ಟಡದಲ್ಲಿ ಚಿಕ್ಕ ಮರದ ಹಡಗುಗಳಿಗೆ ಕೈಯಿಂದ ಬಣ್ಣ ಬಳಿದು, ತಿರುಗುವ ಮೇಜಿನ ಮೇಲಿಟ್ಟು, ಪೆರಿಸ್ಕೋಪಿನಲ್ಲಿ ನೋಡಿ ಪರೀಕ್ಷಿಸುತ್ತಿದ್ದರು. ಬಳಿಯುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳಾ ಕಲಾವಿದರು. ಮಾರಿಟೇನಿಯಾ, ಟೈಟಾನಿಕ್‌ನ ಜೋಡಿ ಹಡಗಾದ ಒಲಿಂಪಿಕ್ ಎರಡೂ ಆ ಪಟ್ಟೆಗಳನ್ನು ತೊಟ್ಟು ಸೈನಿಕರನ್ನು ಸಾಗಿಸಿದವು.

ಮತ್ತೆ ಅಳತೆಗೆ ಬರೋಣ. 1:100 ಎಂದಾಗ ಉದ್ದ ನೂರರಲ್ಲೊಂದು ಪಾಲು. ಮೇಲ್ಮೈ ಹತ್ತು ಸಾವಿರದಲ್ಲೊಂದು ಪಾಲು. ಗಾತ್ರ ಹತ್ತು ಲಕ್ಷದಲ್ಲೊಂದು ಪಾಲು. ಈ ಮೂರೂ ಬೇರೆಬೇರೆ ವೇಗದಲ್ಲಿ ಇಳಿಯುತ್ತವೆ ಎಂಬುದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ಟೈಟಾನಿಕ್ ತೇಲುವಾಗ ಪಕ್ಕಕ್ಕೆ ತಳ್ಳುತ್ತಿದ್ದ ನೀರಿನ ತೂಕ, ಅಂದರೆ ಅದರ ಒಟ್ಟು ತೂಕ, 52,310 ಟನ್. ಅದೇ ರೇಖೆಯವರೆಗೆ ಮುಳುಗಿ ತೇಲಬೇಕಾದರೆ 1:100ರ ಮಾದರಿ 52 ಕಿಲೋ ತೂಗಬೇಕು. 1:200 ಮಾಡಿದರೆ ಉದ್ದ 1.35 ಮೀಟರ್, ಬರೀ ಅರ್ಧವಾಯಿತು. ತೂಕ ಮಾತ್ರ ಆರೂವರೆ ಕಿಲೋ, ಎಂಟನೇ ಒಂದು ಪಾಲು! ಪುಸ್ತಕಗಳಲ್ಲಿ ಕಾಣುವ 46,328 ಟನ್ ಎಂಬ ಸಂಖ್ಯೆ ತೂಕವಲ್ಲ. ಅದು ಹಡಗಿನ ಒಳಾವಕಾಶದ ಅಳತೆ. ನೂರು ಘನ ಅಡಿಗೆ ಒಂದು ‘ಟನ್’ ಎಂದು ಎಣಿಸುತ್ತಿದ್ದರು. ಮಾದರಿ ತೇಲಿಸುವವರು ಈ ಎರಡನ್ನು ಗೊಂದಲ ಮಾಡಿಕೊಂಡರೆ ಹಡಗು ಇರಬೇಕಾದದ್ದಕ್ಕಿಂತ ಎತ್ತರದಲ್ಲಿ ತೇಲುತ್ತದೆ.

ವೇಗದ ಲೆಕ್ಕ ಇನ್ನೂ ಸೊಗಸು. ಅದನ್ನು ಬಿಡಿಸಿದವನು ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಚಿಕ್ಕ ಒಡಲುಗಳನ್ನು ಎಳೆದು ನೋಡಿದ. ಮಾದರಿ ಎಬ್ಬಿಸುವ ಅಲೆಗಳು ದೊಡ್ಡ ಹಡಗಿನ ಅಲೆಗಳಂತೆಯೇ ಕಾಣಬೇಕಾದರೆ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು ಎಂದು ತೋರಿಸಿದ. ನೂರರ ವರ್ಗಮೂಲ ಹತ್ತು. 21 ನಾಟ್ ವೇಗದ ಹಡಗಿನ 1:100 ಮಾದರಿ 2.1 ನಾಟ್, ಅಂದರೆ ಸೆಕೆಂಡಿಗೆ ಒಂದು ಮೀಟರಿನಷ್ಟು ಓಡಬೇಕು. ಮನುಷ್ಯ ಆರಾಮಾಗಿ ನಡೆಯುವ ವೇಗ. ಕೊಳದಲ್ಲಿ ಯಾರಾದರೂ ಮಾದರಿ ಲೈನರನ್ನು ಮೋಟರ್ ದೋಣಿಯಂತೆ ಓಡಿಸಿದರೆ ಅದು ಆಟಿಕೆಯಂತೆ ಕಾಣುತ್ತದೆ. ದಡದಲ್ಲಿ ನಡೆಯುತ್ತ ಅದರ ಜೊತೆಗೇ ಹೋಗುವಷ್ಟು ನಿಧಾನ ಮಾಡಿದರೆ, ಮೂತಿಯ ಅಲೆ ಹಳೆಯ ಫೋಟೋಗಳಲ್ಲಿ ಇದ್ದ ಹಾಗೇ ಮಡಚಿಕೊಳ್ಳುತ್ತದೆ. ಫ್ರೌಡ್ ತನ್ನ ಮಾದರಿಗಳನ್ನು ಮಾಡಿದ್ದು ಮೇಣದಲ್ಲಿ. ಕೆತ್ತುವುದೂ ಸುಲಭ, ಕರಗಿಸಿ ಮತ್ತೆ ಎರಕ ಹೊಯ್ಯುವುದೂ ಸುಲಭ. ಪ್ರದರ್ಶನಕ್ಕೆ ನಿಲ್ಲಬೇಕಾದ ಮಾದರಿಗೆ ಮೇಣ ಆಗುವುದಿಲ್ಲ. ಅಲ್ಲಿಗೆ ಮರವೇ ಬೇಕು.

ಯಾವ ಮರ? ಎಳೆ ಕಣ್ಣಿಗೆ ಕಾಣದಂಥದು. ತೇಗ ಎಷ್ಟೇ ಒಳ್ಳೆಯ ಮರವಾದರೂ ಅದರ ರಂಧ್ರಗಳು ದೊಡ್ಡವು. ಅರ್ಧ ಮಿಲಿಮೀಟರಿನ ಒಂದು ಸೀಳು 1:100ರಲ್ಲಿ ಐದು ಸೆಂಟಿಮೀಟರಿನ ಹಳ್ಳ. ನಿಜವಾದ ಹಡಗಿನ ಡೆಕ್ಕಿಗೆ ತೇಗ ಬಳಸಿದ್ದರೂ ಮಾದರಿಯ ಡೆಕ್ಕಿಗೆ ತೇಗ ಒಗ್ಗುವುದಿಲ್ಲ. ತೇಗದ ಬಣ್ಣವಿರುವ, ಆದರೆ ಇನ್ನೂ ನಯವಾದ ಬೇರೆ ಮರ ಹುಡುಕಬೇಕು. ತೇಗವನ್ನು ತೋರಿಸಲು ತೇಗವನ್ನೇ ಬಿಡಬೇಕಾದ ಸಂದರ್ಭ. ಬ್ರಿಟನ್ನಿನ ಹಡಗುಕಟ್ಟೆಗಳ ಮಾದರಿಕಾರರಿಗೆ ಅಚ್ಚುಮೆಚ್ಚಿನದು ಹಳದಿ ಪೈನ್. ಮೆದು, ನೇರ ಎಳೆ, ಗಂಟುಗಳು ಕಡಿಮೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಲೈಮ್ (ನಿಂಬೆಯಲ್ಲ, ಯುರೋಪಿನ ಲಿಂಡೆನ್ ಮರ) ಅಥವಾ ಅದರ ಅಮೆರಿಕದ ಬಂಧು ಬಾಸ್‌ವುಡ್. ಆಗ್ನೇಯ ಏಷ್ಯಾದ ಜೆಲುಟಾಂಗ್ ಕೂಡ ಸಲೀಸಾಗಿ ಕೆತ್ತಿಸಿಕೊಳ್ಳುತ್ತದೆ. ಹಾಲು ಹರಿಯುವ ನಾಳಗಳ ಸೀಳುಗಳು ಅದರಲ್ಲಿ ಅಲ್ಲಲ್ಲಿ ಸಿಗುತ್ತವೆ, ತುಂಬಬೇಕು. ಸೂಕ್ಷ್ಮ ಭಾಗಗಳಿಗೆ ಬಾಕ್ಸ್‌ವುಡ್ ಮತ್ತು ಪೇರ್ ಮರ, ಬಿಳಿಯ ಡೆಕ್ ಹಲಗೆಗಳಿಗೆ ‘ಹಾಲಿ’ (holly) ಎಂಬ ಮರ. ಬಾಲ್ಸಾ ಬೇಡ. ಬೆರಳು ಒತ್ತಿದರೆ ಕುಳಿ ಬೀಳುತ್ತದೆ.

ಒಡಲಿನ ಆಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ‘ಲೈನ್ಸ್’ ಎಂಬ ನಕ್ಷೆಯನ್ನು ಅರ್ಥ ಮಾಡಿಕೊಳ್ಳಬೇಕು. ಬಾಗಿದ ವಸ್ತುವೊಂದನ್ನು ಚಪ್ಪಟೆ ಹಾಳೆಯಲ್ಲಿ ಪೂರ್ತಿ ಹೇಳಲು ಒಂದೇ ದಾರಿ: ಅದನ್ನು ಮೂರು ದಿಕ್ಕಿನಲ್ಲಿ ಕೊಯ್ದು ತೋರಿಸುವುದು. ನೀರಿನ ಮಟ್ಟಕ್ಕೆ ಸಮಾನವಾಗಿ ಅಡ್ಡಡ್ಡ ಕೊಯ್ದರೆ ಬರುವ ಅಂಚುಗಳು ಒಂದು ಚಿತ್ರ. ಹಡಗು ಎರಡೂ ಪಕ್ಕ ಒಂದೇ ಥರ ಇರುವುದರಿಂದ ಅರ್ಧ ಬರೆದರೆ ಸಾಕು. ಮೂತಿಯಿಂದ ಹಿಂಬದಿಯವರೆಗೆ ಒಂದೇ ಅಂತರದಲ್ಲಿ ಅಗಲಕ್ಕೆ ಕೊಯ್ದರೆ ಬರುವ ಅಂಚುಗಳು ಎರಡನೆಯದು. ಉದ್ದಕ್ಕೆ ನೆಟ್ಟಗೆ ಸೀಳಿದರೆ ಬರುವವು ಮೂರನೆಯದು. ಈ ಮೂರರಲ್ಲೂ ಒಂದೇ ಬಿಂದುವಿನ ಅಳತೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ನಕ್ಷೆಯೇ ತಪ್ಪು. ಮರ ಮುಟ್ಟುವ ಮೊದಲು ಒಂದು ಸಂಜೆ ಕೂತು ಈ ತಾಳೆ ನೋಡುವುದು ವ್ಯರ್ಥವಲ್ಲ. ಪುಸ್ತಕಗಳಿಂದ ಹಿಗ್ಗಿಸಿದ ನಕ್ಷೆಗಳು ಒಂದು ದಿಕ್ಕಿಗೆ ಎಳೆದುಕೊಂಡಿರುವುದು ಅಪರೂಪವೇನಲ್ಲ.

ಅಡ್ಡಡ್ಡ ಕೊಯ್ತದ ಆ ಮೊದಲ ಚಿತ್ರವೇ ಮರದ ಒಡಲಿಗೆ ನೇರ ದಾರಿ. ಮಾದರಿಕಾರರ ಮಾತಿನಲ್ಲಿ ಇದಕ್ಕೆ ‘ಬ್ರೆಡ್ ಅಂಡ್ ಬಟರ್’ ವಿಧಾನ ಎಂದು ಹೆಸರು. ಹಲಗೆ ಬ್ರೆಡ್ಡು, ಅಂಟು ಬೆಣ್ಣೆ. 1:100ರ ಟೈಟಾನಿಕ್‌ನ ಒಡಲು ತಳದಿಂದ ಸುಮಾರು 20 ಸೆಂಟಿಮೀಟರ್ ಎತ್ತರ. ಎರಡು ಸೆಂಟಿಮೀಟರ್ ದಪ್ಪದ ಹತ್ತು ಹಲಗೆ ತೆಗೆದುಕೊಂಡು, ಪ್ರತಿಯೊಂದನ್ನೂ ಆಯಾ ಎತ್ತರದ ಕೊಯ್ತದ ಗೆರೆಗೆ ಗರಗಸದಲ್ಲಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ಮೆಟ್ಟಿಲು ಮೆಟ್ಟಿಲಾದ ಒಡಲು ಸಿಗುತ್ತದೆ. ಇಲ್ಲೊಂದು ಜಾಣತನ ಅಡಗಿದೆ. ಪ್ರತಿ ಹಲಗೆಯನ್ನೂ ಅದರ ಮೇಲಂಚಿನ ಗೆರೆಗೆ, ಅಂದರೆ ಹೆಚ್ಚು ಅಗಲವಿರುವ ಗೆರೆಗೆ ಕತ್ತರಿಸಿರುವುದರಿಂದ, ಎರಡು ಹಲಗೆ ಕೂಡುವ ಒಳಮೂಲೆ ಸರಿಯಾಗಿ ಹಡಗಿನ ನಿಜವಾದ ಮೈಯ ಮೇಲೇ ಇರುತ್ತದೆ. ಹೊರಗೆ ಚಾಚಿದ ಮೆಟ್ಟಿಲುಗಳನ್ನು ಕೀಸುಳಿಯಿಂದ, ಉಳಿಯಿಂದ ತೆಗೆಯುತ್ತ ಬನ್ನಿ. ಒಳಮೂಲೆ ಮಾಯವಾದ ಕ್ಷಣ ನಿಲ್ಲಿಸಿ. ಒಂದು ಸಿಪ್ಪೆ ಹೆಚ್ಚು ತೆಗೆದರೆ ಆಕಾರ ಕೈ ತಪ್ಪಿತು. ಮರವೇ ಎಲ್ಲಿ ನಿಲ್ಲಬೇಕೆಂದು ಹೇಳುವ ಇಂಥ ವಿಧಾನ ಬೇರೆ ಯಾವುದರಲ್ಲೂ ನಾನು ಕಂಡಿಲ್ಲ.

ಇನ್ನೊಂದು ದಾರಿಯೂ ಇದೆ. ಅಗಲಕ್ಕೆ ಕೊಯ್ದ ಆಕಾರಗಳನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ ಬೆನ್ನುಮೂಳೆಯಂಥ ಪಟ್ಟಿಗೆ ಸಾಲಾಗಿ ನಿಲ್ಲಿಸಿ, ಮೇಲೆ ತೆಳು ಪಟ್ಟಿಗಳನ್ನು ಹೊದಿಸುವುದು. ಹಾಯಿ ಹಡಗುಗಳ ಮಾದರಿಗೆ ಇದು ಬಹಳ ಚೆನ್ನ, ಯಾಕೆಂದರೆ ಅಲ್ಲಿ ನಿಜವಾದ ಹಡಗೂ ಹಲಗೆಯದೇ. ಲೈನರಿಗೆ ಮಾಡಿದರೆ ಆ ಪಟ್ಟಿಗಳ ಸಂದುಗಳನ್ನೆಲ್ಲ ಮುಚ್ಚಿ ಮರೆಮಾಡಬೇಕಾಗುತ್ತದೆ. ಲೈನರಿನ ನಡುಭಾಗ ಬಹುದೂರ ಒಂದೇ ಅಡ್ಡಕೊಯ್ತದ ಪೆಟ್ಟಿಗೆಯಂತಿದ್ದು, ತಿರುವುಗಳೆಲ್ಲ ಮೂತಿಯಲ್ಲಿ ಮತ್ತು ಹಿಂಬದಿಯಲ್ಲಿ ಇರುವುದರಿಂದ, ಹಲಗೆ ಪೇರಿಸುವ ವಿಧಾನವೇ ಅದಕ್ಕೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಕಾರ ಸರಿಯಾಗಿದೆಯೇ ಎಂದು ನೋಡಲು ರಟ್ಟಿನಲ್ಲಿ ಕತ್ತರಿಸಿದ ಅಚ್ಚುಗಳನ್ನು ಒಡಲಿಗೆ ಆನಿಸಿ ಬೆಳಕು ಎಲ್ಲಿ ನುಸುಳುತ್ತದೆ ನೋಡುತ್ತಾರೆ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಒಡಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ಹಗಲಲ್ಲಿ ಕಾಣದ ಉಬ್ಬುತಗ್ಗುಗಳ ನೆರಳು ಆಗ ಉದ್ದುದ್ದ ಬೀಳುತ್ತದೆ. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳನ್ನು ಮೂತಿಯಿಂದ ಹಿಂದಕ್ಕೆ ಸವರಿದರೆ, ಟಾರ್ಚಿಗೂ ಸಿಗದ ಒಂದು ತಗ್ಗು ಬೆರಳಿಗೆ ಸಿಗುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮತ್ತೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ದಿನಗಟ್ಟಲೆ ಇಷ್ಟೇ ಕೆಲಸ.

ಇನ್ನು ತೇವದ ಮಾತು. ಮರ ಸತ್ತ ಮೇಲೂ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ; ಎಳೆಯ ಉದ್ದಕ್ಕೆ ಬಹುತೇಕ ಅಲುಗುವುದೇ ಇಲ್ಲ. ಬಾಸ್‌ವುಡ್ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ ನೂರಕ್ಕೆ ಒಂಬತ್ತರಷ್ಟು ಕುಗ್ಗಬಲ್ಲದು. ಒಣಗಿಸಿದ ಮರದಲ್ಲೂ, ಅದರೊಳಗಿನ ತೇವ ನೂರಕ್ಕೆ ಒಂದರಷ್ಟು ಏರಿಳಿದರೆ, 28 ಸೆಂಟಿಮೀಟರ್ ಅಗಲದ ಗಟ್ಟಿ ದಿಮ್ಮಿ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಅಲುಗುತ್ತದೆ. ಆ ದಿಮ್ಮಿಯ ಮೇಲೆ ಕಾಲು ಮಿಲಿಮೀಟರಿನ ಕಾಗದದ ತಗಡುಗಳು ಕೂತಿವೆ! ಬಿರುಕು ಬರದೆ ಏನಾದೀತು? ನಾನು ಮೊದಲು ಮಾಡಿದ ಒಡಲು ಮಳೆಗಾಲದಲ್ಲಿ ಮುಗಿದಿತ್ತು. ಬೇಸಿಗೆ ಬಂದಾಗ ನೀರಿನ ರೇಖೆಯ ಕೆಳಗೆ ಅಂಟಿನ ಗೆರೆಯ ಗುಂಟ ಕೂದಲೆಳೆಯ ಒಂದು ಬಿರುಕು ಮೂತಿಯಿಂದ ನಡುಭಾಗದವರೆಗೆ ಓಡಿತ್ತು. ಅವತ್ತು ಆದ ಸಂಕಟ ಈಗಲೂ ನೆನಪಿದೆ.

ಹಾಗಾಗಿ ಬಲ್ಲವರು ಕೆಲವು ಮುನ್ನೆಚ್ಚರಿಕೆ ತೆಗೆದುಕೊಳ್ಳುತ್ತಾರೆ. ಮರವನ್ನು ಕೆಲಸ ಮಾಡುವ ಕೋಣೆಯಲ್ಲೇ ವಾರಗಟ್ಟಲೆ ಇಟ್ಟು ಅಲ್ಲಿನ ಗಾಳಿಗೆ ಹೊಂದಿಸುತ್ತಾರೆ. ಎಲ್ಲ ಹಲಗೆಗಳ ಎಳೆಯೂ ಹಡಗಿನ ಉದ್ದಕ್ಕೇ ಇರುವಂತೆ ನೋಡಿಕೊಳ್ಳುತ್ತಾರೆ; ಒಂದು ಹಲಗೆ ಅಡ್ಡ ಎಳೆಯದಾದರೂ ಅದು ಮಿಕ್ಕವುಗಳ ಜೊತೆ ಜಗಳಕ್ಕೆ ನಿಲ್ಲುತ್ತದೆ. ಹಲಗೆಗಳ ನಡುಭಾಗವನ್ನು ಅಂಟಿಸುವ ಮೊದಲೇ ಕೊರೆದು ತೆಗೆದು ಒಡಲನ್ನು ಪೊಳ್ಳು ಮಾಡುತ್ತಾರೆ. ತೂಕ ಕಡಿಮೆಯಾಗುವುದು ಒಂದು ಲಾಭ, ಉಬ್ಬಿ ಕುಗ್ಗುವ ಮರದ ಪ್ರಮಾಣವೇ ಕಡಿಮೆಯಾಗುವುದು ದೊಡ್ಡ ಲಾಭ. ಹೊರಗೆ ಎಷ್ಟು ಪದರ ಸೀಲರ್, ಅಂದರೆ ತೇವ ತಡೆಯುವ ಲೇಪ, ಬಳಿದರೋ ಒಳಗೂ ಅಷ್ಟೇ ಬಳಿಯಬೇಕು. ಒಂದೇ ಪಕ್ಕ ಮುಚ್ಚಿದರೆ ತೆರೆದ ಪಕ್ಕದಿಂದ ತೇವ ಬಂದು ಒಡಲು ತಿರುಚಿಕೊಳ್ಳುತ್ತದೆ.

ಒಡಲು ಮುಗಿದ ಮೇಲೆ ಡೆಕ್ಕು. ಲೈನರಿನ ಡೆಕ್ಕುಗಳು ಚಪ್ಪಟೆಯಲ್ಲ. ಪಕ್ಕದಿಂದ ನೋಡಿದರೆ ಮೂತಿಯ ಕಡೆಗೂ ಹಿಂಬದಿಯ ಕಡೆಗೂ ನಿಧಾನವಾಗಿ ಮೇಲೇಳುವ ಒಂದು ಬಿಲ್ಲಿನ ಗೆರೆ; ಇದನ್ನು ‘ಶೀರ್’ ಎನ್ನುತ್ತಾರೆ. ಅಲೆಗಳು ಮೂತಿಯ ಮೇಲೆ ಹತ್ತದಿರಲಿ ಎಂದು ಮಾಡಿದ್ದು. ಅಗಲದಲ್ಲೂ ನಡುವೆ ಸ್ವಲ್ಪ ಉಬ್ಬು, ನೀರು ಪಕ್ಕಕ್ಕೆ ಹರಿಯಲಿ ಎಂದು. ಅಗ್ಗದ ಅಲಂಕಾರ ಮಾದರಿಗಳಲ್ಲಿ ಇವೆರಡೂ ಮಾಯ. ಅಂಥ ಹಡಗನ್ನು ನೋಡಿದಾಗ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಶೀರ್ ಇಲ್ಲದ ಲೈನರ್ ನೀರಿನ ಮೇಲಿಟ್ಟ ಕಟ್ಟಡದಂತೆ ಕಾಣುತ್ತದೆ.

ಡೆಕ್ಕಿನ ಹಲಗೆ ನಿಜದಲ್ಲಿ ಐದು ಅಂಗುಲ ಅಗಲವೆಂದರೆ 1:100ರಲ್ಲಿ 1.27 ಮಿಲಿಮೀಟರ್. ಹಲಗೆಗಳ ಸಂದಿಗೆ ತುಂಬುತ್ತಿದ್ದ ಕಪ್ಪು ಟಾರಿನ ಗೆರೆ ಒಂದು ಮಿಲಿಮೀಟರಿನ ಹತ್ತನೇ ಪಾಲಿಗೂ ಕಡಿಮೆ. ಅಷ್ಟು ತೆಳು ಗೆರೆ ಎಳೆಯುವುದು ಹೇಗೆ? ಎಳೆಯುವುದಿಲ್ಲ. ಹಾಲಿ ಅಥವಾ ಲೈಮ್ ಪಟ್ಟಿಗಳನ್ನು ಕಟ್ಟಾಗಿ ಒತ್ತಿ ಹಿಡಿದು, ಅಂಚಿಗೆ ಮಾತ್ರ ಮೆದು ಪೆನ್ಸಿಲಿನ ಸೀಸವನ್ನು ಉಜ್ಜುತ್ತಾರೆ. ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ ಮೇಲೆ ತೆಳುವಾಗಿ ಕೆರೆದರೆ, ಕೂದಲಿಗಿಂತ ತೆಳುವಾದ ಬೂದು ಗೆರೆ ತಾನಾಗಿ ಉಳಿಯುತ್ತದೆ. ದಟ್ಟ ಕಪ್ಪಿನಲ್ಲಿ ಗೆರೆ ಹಾಕಿದ ಡೆಕ್ಕು ದೂರದಿಂದ ಪಟ್ಟೆ ಬಟ್ಟೆಯಂತೆ ಕಾಣುತ್ತದೆ. ನನಗೆ ಅದು ಸೇರುವುದಿಲ್ಲ.

ಹೊಗೆಕೊಳವೆಗಳಲ್ಲಿ ಮಾದರಿಯ ಯೋಗ್ಯತೆ ತಟ್ಟನೆ ತಿಳಿಯುತ್ತದೆ. ಟೈಟಾನಿಕ್‌ನ ನಾಲ್ಕೂ ಕೊಳವೆಗಳು ದುಂಡಗಿರಲಿಲ್ಲ, ಅಂಡಾಕಾರ: ಉದ್ದಕ್ಕೆ ಏಳೂವರೆ ಮೀಟರ್, ಅಡ್ಡಕ್ಕೆ ಆರು ಮೀಟರಿಗಿಂತ ಸ್ವಲ್ಪ ಕಡಿಮೆ. ನೆಟ್ಟಗೂ ನಿಂತಿರಲಿಲ್ಲ. ಪ್ರತಿ ಅಡಿಗೆ ಎರಡು ಅಂಗುಲದಂತೆ ಹಿಂದಕ್ಕೆ ವಾಲಿದ್ದವು, ಅಂದರೆ ಒಂಬತ್ತೂವರೆ ಡಿಗ್ರಿ. ಲೇತಿನಲ್ಲಿ ಕಡೆದ ಮರದ ದುಂಡು ಕೊಳವೆ ಈ ಕಾರಣಕ್ಕೇ ಸುಳ್ಳು. ಅಂಡಾಕಾರದ ಅಚ್ಚು ಮಾಡಿ, ಅದರ ಸುತ್ತ ತೆಳು ಮರದ ಹಾಳೆಯನ್ನೋ ಕಾಗದವನ್ನೋ ಪದರಪದರವಾಗಿ ಅಂಟಿಸಿ ಸುತ್ತಿ, ಒಣಗಿದ ಮೇಲೆ ಅಚ್ಚನ್ನು ಹೊರತೆಗೆದರೆ ತೆಳು ಗೋಡೆಯ ಪೊಳ್ಳು ಕೊಳವೆ ಸಿಗುತ್ತದೆ. ನಾಲ್ಕರ ವಾಲಿಕೆಯೂ ಒಂದೇ ಆಗಿರಬೇಕು, ಕಂಬಗಳ ವಾಲಿಕೆ ಸಹ. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಸಾಲು ಕುಡಿದವರಂತೆ ನಿಲ್ಲುತ್ತದೆ. 1935ರಲ್ಲಿ ಓಡಾಟ ಆರಂಭಿಸಿದ ಫ್ರಾನ್ಸಿನ ನಾರ್ಮಂಡಿಯದು ಇನ್ನೂ ಸೂಕ್ಷ್ಮ. ಅದರ ಮೂರು ಕೊಳವೆಗಳು ಹಿಂದೆ ಹೋದಂತೆ ಗಿಡ್ಡವಾಗುತ್ತವೆ. ಮೂರನೆಯದು ಹೊಗೆಗಾಗಿ ಇದ್ದದ್ದೇ ಅಲ್ಲ. ಪ್ರಯಾಣಿಕರ ನಾಯಿಗಳ ಗೂಡುಗಳು ಅಲ್ಲಿದ್ದವು. ಟೈಟಾನಿಕ್‌ನ ನಾಲ್ಕನೇ ಕೊಳವೆಗೂ ಬಾಯ್ಲರ್ ಸಂಪರ್ಕವಿರಲಿಲ್ಲ, ಗಾಳಿ ಹಾಯಲು ಮತ್ತು ಅಡುಗೆಮನೆಯ ಹೊಗೆಗೆ ಅದು ಬಳಕೆಯಾಗುತ್ತಿತ್ತು. ಹಾಗಾಗಿ ಮಾದರಿಯಲ್ಲಿ ನಾಲ್ಕೂ ಕೊಳವೆಗಳ ಬಾಯಿಗೆ ಒಂದೇ ಸಮ ಮಸಿ ಹಚ್ಚಿದರೆ ಅದೊಂದು ಸಣ್ಣ ತಪ್ಪು.

ಕಂಬಿ, ಏಣಿ, ಲೈಫ್‌ಬೋಟ್‌ಗಳ ಮಾತು ಚುಟುಕಾಗಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಬೇಕಾದದ್ದು ತಾಳ್ಮೆ ಮಾತ್ರ. ಟೈಟಾನಿಕ್‌ನ 20 ಲೈಫ್‌ಬೋಟ್‌ಗಳಲ್ಲಿ 14 ಒಂದೇ ಬಗೆಯವು. ಒಂದನ್ನು ಬಾಕ್ಸ್‌ವುಡ್ಡಿನಲ್ಲಿ ಕೆತ್ತಿ, ಅಚ್ಚು ತೆಗೆದು ಮಿಕ್ಕವನ್ನು ಎರಕ ಹೊಯ್ಯುವುದು ಅಡ್ಡದಾರಿಯೇನಲ್ಲ. ಒಂದೇ ಥರ ಇರಬೇಕಾದ ವಸ್ತುಗಳು ಒಂದೇ ಥರ ಇರುವುದು ಮುಖ್ಯ. ಕಂಬಿಗಳಿಗೆ ಹಿತ್ತಾಳೆ ತಂತಿ. ಹಗ್ಗ ಮತ್ತು ತಂತಿಗಳಲ್ಲಿ ಮಾತ್ರ ಭೂಮಿಯ ಸೆಳೆತ ಕೈಕೊಡುತ್ತದೆ: ನಿಜವಾದ ಹಡಗಿನಲ್ಲಿ ಎರಡು ಕಂಬಗಳ ನಡುವಿನ ವೈರ್‌ಲೆಸ್ ತಂತಿ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಮಾದರಿಯ ದಾರಕ್ಕೆ ಜೋಲುವಷ್ಟು ಭಾರವೇ ಇಲ್ಲ. ಹಾಗಾಗಿ ತೆಳು ತಂತಿಯನ್ನು ಬೆರಳುಗಳ ನಡುವೆ ಎಳೆದು ಆ ಬಾಗನ್ನು ಕೈಯಿಂದಲೇ ಕೊಡಬೇಕು.

ಬಣ್ಣಕ್ಕೂ ಇದೇ ಗತಿ. ಒಡಲು ಕಪ್ಪೆಂದು ಡಬ್ಬಿಯ ಕಪ್ಪನ್ನೇ ಬಳಿದರೆ ಮಾದರಿ ಪ್ಲಾಸ್ಟಿಕ್ ಬೊಂಬೆಯಾಗುತ್ತದೆ. ಒಂದು ಮೀಟರ್ ದೂರದಿಂದ 1:100ರ ಮಾದರಿ ನೋಡುವುದೆಂದರೆ ನೂರು ಮೀಟರ್ ದೂರದಿಂದ ಹಡಗು ನೋಡಿದಂತೆ. ಆ ದೂರದ ಗಾಳಿ ಕಪ್ಪನ್ನು ಸ್ವಲ್ಪ ತಿಳಿಯಾಗಿಸುತ್ತದೆ, ಹೊಳಪನ್ನು ಇಳಿಸುತ್ತದೆ. ಕೋಣೆಯಲ್ಲಿ ಆ ಗಾಳಿ ಇಲ್ಲ. ಆದ್ದರಿಂದ ಬಣ್ಣಕ್ಕೆ ಚೂರು ಬೂದು ಬೆರೆಸಿ, ಹೊಳಪು ಕಡಿಮೆ ಮಾಡಿ ಬಳಿಯುತ್ತಾರೆ. ಟೈಟಾನಿಕ್‌ನ ಒಡೆತನದ ವೈಟ್ ಸ್ಟಾರ್ ಕಂಪನಿಯ ಹಡಗುಗಳ ಕೊಳವೆಗಳ ಹಳದಿಗಂದು ಬಣ್ಣ ನಿಖರವಾಗಿ ಯಾವ ಛಾಯೆಯದು ಎಂಬ ಬಗ್ಗೆ ಬಲ್ಲವರಲ್ಲಿ ಇವತ್ತಿಗೂ ವಾದವಿದೆ. ಆ ಕಾಲದ ಫೋಟೋಗಳು ಕಪ್ಪು-ಬಿಳುಪಿನವು ನೋಡಿ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ಪ್ರಕಾರ ಅದೇ ದೊಡ್ಡದು: ಯಾವ ದಿನದ ಹಡಗು? ಲೈನರ್‌ಗಳು ವರ್ಷವರ್ಷಕ್ಕೂ ಬದಲಾಗುತ್ತಿದ್ದವು. ಒಲಿಂಪಿಕ್ 1910ರ ಅಕ್ಟೋಬರಿನಲ್ಲಿ ನೀರಿಗಿಳಿದಾಗ, ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಅದರ ಒಡಲಿಗೆ ತಿಳಿ ಬಣ್ಣ ಬಳಿದಿದ್ದರು. ಆಮೇಲೆ ಕಪ್ಪು. ಟೈಟಾನಿಕ್ ಮುಳುಗಿದ ಮೇಲೆ ಲೈಫ್‌ಬೋಟ್‌ಗಳು ಹೆಚ್ಚಾದವು. ಯುದ್ಧದಲ್ಲಿ ಪಟ್ಟೆ. 1935ರಲ್ಲಿ ನಿವೃತ್ತಿ. ಒಂದೇ ಹೆಸರಿನಲ್ಲಿ ನಾಲ್ಕಾರು ಹಡಗುಗಳಿದ್ದಂತೆ. ಟೈಟಾನಿಕ್ ಮತ್ತು ಒಲಿಂಪಿಕ್ ಅಕ್ಕತಂಗಿಯರಾದರೂ ಬೇರೆಬೇರೆ. ಟೈಟಾನಿಕ್‌ನ ಎ-ಡೆಕ್ಕಿನ ಮುಂಭಾಗದ ಅರ್ಧವನ್ನು ಕಿಟಕಿಗಳಿಂದ ಮುಚ್ಚಿದ್ದರು, ಒಲಿಂಪಿಕ್‌ನಲ್ಲಿ ಅದು ಕೊನೆಯವರೆಗೂ ತೆರೆದೇ ಇತ್ತು. ಮೂತಿಯ ಬಳಿ ಎಡಪಕ್ಕದ ಸಿ-ಡೆಕ್ ಸಾಲಿನಲ್ಲಿ ಟೈಟಾನಿಕ್‌ಗೆ 16 ದುಂಡು ಕಿಟಕಿ. ಹೊಸದರಲ್ಲಿ ಒಲಿಂಪಿಕ್‌ಗೆ 14. ಮಾರಿಟೇನಿಯಾ ಮತ್ತು ಲುಸಿಟೇನಿಯಾ ದೂರದಿಂದ ಒಂದೇ ಅಚ್ಚಿನವು. ಹತ್ತಿರ ಹೋದರೆ ಮಾರಿಟೇನಿಯಾದ ಮೇಲ್ಡೆಕ್ಕಿನ ತುಂಬ ತುತ್ತೂರಿಯ ಬಾಯಿಯಂಥ ಗಾಳಿಕೊಳವೆಗಳು, ಲುಸಿಟೇನಿಯಾದ ಮೇಲೆ ಮುಚ್ಚಳವಿರುವ ಗಿಡ್ಡ ಡಬ್ಬಿಯಂಥವು.

ಪ್ರೊಪೆಲ್ಲರಿನ ಕಥೆ ಇನ್ನೂ ಸ್ವಾರಸ್ಯ. ಟೈಟಾನಿಕ್‌ಗೆ ಮೂರು ಪ್ರೊಪೆಲ್ಲರ್. ಪಕ್ಕದ ಎರಡಕ್ಕೆ ಮೂರು ರೆಕ್ಕೆ, ನಡುವಿನದಕ್ಕೆ ನಾಲ್ಕು ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು. ನೀರಿಗಿಳಿಯುವ ಮುನ್ನ ತೆಗೆದದ್ದೆಂದು ಎಲ್ಲೆಡೆ ಅಚ್ಚಾಗುವ ಪ್ರಸಿದ್ಧ ಫೋಟೋಗಳು ವಾಸ್ತವದಲ್ಲಿ ಒಲಿಂಪಿಕ್‌ನವು. ಟೈಟಾನಿಕ್‌ನ ಪ್ರೊಪೆಲ್ಲರ್ ಜೋಡಿಸಿದ ಮೇಲಿನ ಫೋಟೋ ಇದುವರೆಗೆ ಸಿಕ್ಕಿಲ್ಲ. ಆಮೇಲೆ ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವೂಲ್ಫ್ ಹಡಗುಕಟ್ಟೆಯ ಹಳೆಯ ಟಿಪ್ಪಣಿ ಪುಸ್ತಕವೊಂದರಲ್ಲಿ ನಡುವಿನ ಪ್ರೊಪೆಲ್ಲರಿಗೂ ಮೂರೇ ರೆಕ್ಕೆ ಎಂಬ ನಮೂದು ಕಂಡುಬಂತು. ಹಡಗಿನ ಅವಶೇಷದಲ್ಲಿ ಆ ಭಾಗ ಸಮುದ್ರತಳದ ಕೆಸರಿನಲ್ಲಿ ಹೂತಿದೆ, ಹೋಗಿ ನೋಡುವಂತಿಲ್ಲ. ಬರೆಯುವವರು ‘ಬಹುಶಃ’ ಎಂದು ಸೇರಿಸಿ ಮುಂದೆ ಹೋಗಬಹುದು. ಮಾದರಿ ಮಾಡುವವರಿಗೆ ಆ ಅನುಕೂಲವಿಲ್ಲ. ಮೂರೋ ನಾಲ್ಕೋ, ಒಂದನ್ನು ಹಿತ್ತಾಳೆಯಲ್ಲಿ ಮಾಡಿ ಕೂರಿಸಲೇಬೇಕು. ನಾನಾದರೆ ಮೂರು ಎನ್ನುತ್ತೇನೆ.

ಅಮೆರಿಕದ ‘ಯುನೈಟೆಡ್ ಸ್ಟೇಟ್ಸ್’ ಹಡಗಿನ ಮಾದರಿಯನ್ನು ಮರದಲ್ಲಿ ಮಾಡಿದ್ದನ್ನು ನೋಡಿದಾಗಲೆಲ್ಲ ನನಗೆ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ನೆನಪಾಗುತ್ತಾನೆ. 1952ರಲ್ಲಿ ಮೊದಲ ಯಾನದಲ್ಲೇ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮುರಿದ ಆ ಹಡಗಿನ ವಿನ್ಯಾಸಕ ಅವನು. ಬೆಂಕಿಯ ಭಯಕ್ಕೆ ಹಡಗಿನೊಳಗೆ ಮರವನ್ನೇ ಬಿಟ್ಟುಕೊಳ್ಳಲಿಲ್ಲ. ಪಿಯಾನೊ, ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವ ದಿಮ್ಮಿ ಬಿಟ್ಟರೆ ಹೆಚ್ಚುಕಡಿಮೆ ಮರವೇ ಇರಲಿಲ್ಲ. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಹೊತ್ತಿ ಉರಿದು ಮಗುಚಿದ ಮೇಲೆ ಅಂಥ ಭಯ ಸಹಜವೇ.

ಮಾದರಿ ಮುಗಿಯಿತು, ಇನ್ನು ಗಾಜಿನ ಪೆಟ್ಟಿಗೆ. ಅದು ಶೋಭೆಗಾಗಿ ಅಲ್ಲ. ಒಂದು ಮಿಲಿಮೀಟರಿನ ಹತ್ತನೇ ಪಾಲಿನ ಧೂಳಿನ ಕಣ 1:100ರ ಡೆಕ್ಕಿನ ಮೇಲೆ ಒಂದು ಸೆಂಟಿಮೀಟರಿನ ಜಲ್ಲಿಕಲ್ಲು. ಕಂಬಿಗಳ ನಡುವೆ ಒಮ್ಮೆ ಕೂತರೆ ಏನನ್ನೂ ಮುರಿಯದೆ ತೆಗೆಯುವುದು ಆಗದ ಮಾತು. ಆದರೆ ಗಾಳಿಯೇ ಆಡದಂತೆ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯೂ ಅಪಾಯ. ಓಕ್‌ನಂಥ ಮರಗಳಿಂದ, ಕೆಲವು ಅಂಟು ಮತ್ತು ಬಣ್ಣಗಳಿಂದ ವರ್ಷಗಟ್ಟಲೆ ಆಮ್ಲದ ಆವಿ ಹೊರಡುತ್ತಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತುಂಬಿಕೊಂಡು ಸೀಸದ ಭಾಗಗಳನ್ನು ತಿನ್ನುತ್ತದೆ. ಹಳೆಯ ಮಾದರಿಗಳಲ್ಲಿ ಸೀಸದಲ್ಲಿ ಎರಕ ಹೊಯ್ದ ಲಂಗರು, ರಾಟೆಗಳು ಹೀಗೆ ಬೆಳ್ಳಗೆ ಉಬ್ಬಿ, ಮುಟ್ಟಿದರೆ ಉದುರುವ ಸೀಸದ ಕಾರ್ಬೊನೇಟಿನ ಪುಡಿಯಾಗಿವೆ. ವಸ್ತುಸಂಗ್ರಹಾಲಯದವರು ಅದನ್ನು ಒಂದು ರೋಗದಂತೆಯೇ ನೋಡುತ್ತಾರೆ. ಮಾಡಬೇಕಾದದ್ದು ಇಷ್ಟು: ಸೀಸ ಬಳಸಬೇಡಿ, ಪೆಟ್ಟಿಗೆಯ ಚೌಕಟ್ಟಿಗೆ ಓಕ್ ಬೇಡ, ತಳದ ಹಲಗೆಯಲ್ಲಿ ನಾಲ್ಕು ತೂತು ಕೊರೆದು ಒಳಗಿನಿಂದ ದಟ್ಟ ಬಟ್ಟೆ ಅಂಟಿಸಿ. ಗಾಳಿ ಆಡಲಿ, ಧೂಳು ಹೊರಗಿರಲಿ. ಬಿಸಿಲು ಬೀಳುವ ಕಿಟಕಿಯ ಎದುರು ಮಾತ್ರ ಇಡಬೇಡಿ.